ಹಣ್ಣಿನ ಜ್ಯೂಸಿನ ಖರ್ಚು ಇಳಿಸುವುದು: ಯಾವುದು ಮೊದಲು, ಯಾವುದು ಕೊನೆಗೆ

ಮನೆಯಲ್ಲಿ ಜ್ಯೂಸಿನ ಖರ್ಚು ಜಾಸ್ತಿಯಾಯಿತು ಅಂತ ಅನ್ನಿಸಿದ ಕೂಡಲೇ ಹೆಚ್ಚಿನವರು ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಒಂದೋ ಕಡಿಮೆ ಬೆಲೆಯ ಪ್ಯಾಕೆಟ್ ಹುಡುಕುತ್ತಾರೆ, ಇಲ್ಲಾ ದೊಡ್ಡ ಜ್ಯೂಸರ್ ಕೊಂಡು ತರುತ್ತಾರೆ. ಮೂರು ತಿಂಗಳು ಬಿಟ್ಟು ಕೇಳಿ ನೋಡಿ. ಖರ್ಚು ಇಳಿದಿರುವುದಿಲ್ಲ, ಮೆಷಿನ್ ಅಟ್ಟ ಸೇರಿರುತ್ತದೆ, ಫ್ರಿಜ್ಜಿನ ಮೂಲೆಯಲ್ಲಿ ಅರ್ಧ ಬಾಟಲಿ ಹುಳಿ ಬಂದು ಕೂತಿರುತ್ತದೆ.

ಎಡವುವುದು ಕೆಲಸದ ಕ್ರಮದಲ್ಲಿ. ಬಾಟಲಿಗೆ ಎಷ್ಟು, ಕೆಜಿ ಹಣ್ಣಿಗೆ ಎಷ್ಟು ಅಂತ ಲೆಕ್ಕ ಹಾಕುತ್ತೇವೆಯೇ ಹೊರತು, ನಿಜವಾಗಿ ಕುಡಿದ ಒಂದು ಗ್ಲಾಸಿಗೆ ಎಷ್ಟು ಬಿತ್ತು ಅಂತ ನೋಡುವುದೇ ಇಲ್ಲ. ಚೆಲ್ಲಿದ್ದು, ಕೊಳೆತದ್ದು, ಜರಡಿಯಲ್ಲಿ ಉಳಿದದ್ದು ಎಲ್ಲವೂ ಆ ಒಂದು ಗ್ಲಾಸಿನ ತಲೆ ಮೇಲೇ ಬೀಳುತ್ತದೆ, ಅಲ್ವಾ? ಹಾಗಾಗಿ ಕೆಳಗಿನ ಹಂತಗಳನ್ನು ಇದ್ದ ಕ್ರಮದಲ್ಲೇ ಮಾಡಿ. ಮೊದಲ ಮೂರು ಹಂತಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ, ಮತ್ತು ಉಳಿತಾಯದ ದೊಡ್ಡ ಪಾಲು ಬರುವುದೂ ಅಲ್ಲೇ.

## ಬೇಕಾದ ಸಾಮಾನು

ಅಳತೆ ಗುರುತಿರುವ ಒಂದು ಕಪ್ಪು ಅಥವಾ ಜಗ್ಗು, ಅಡುಗೆಮನೆಯ ಚಿಕ್ಕ ತಕ್ಕಡಿ, ಕಿತ್ತಳೆ ಹಿಂಡುವ ಸಾದಾ ಕೈ ಜ್ಯೂಸರ್, ಮನೆಯಲ್ಲಿ ಈಗಾಗಲೇ ಇರುವ ಮಿಕ್ಸಿ, ಒಂದು ಜರಡಿ, ಸೋಸಲು ತೆಳು ಹತ್ತಿ ಬಟ್ಟೆ, ಐಸ್ ಟ್ರೇ ಎರಡು, ಫ್ರೀಜರಿಗೆ ಆಗುವ ಡಬ್ಬಿಗಳು. ಹೆಸರು, ತಾರೀಕು ಬರೆಯಲು ಪೆನ್ನು, ಟೇಪು. ತಕ್ಕಡಿ ಇಲ್ಲದಿದ್ದರೆ ಅಂಗಡಿಯವರು ತೂಗಿದ ತೂಕ ಬರೆದಿಟ್ಟುಕೊಂಡರೂ ಸಾಕು.

## ಹಂತ 1: ಒಂದು ವಾರ ಸುಮ್ನೆ ಬರೆದಿಡಿ

ಈ ವಾರ ಏನನ್ನೂ ಬದಲಿಸಬೇಡಿ. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಎಷ್ಟು ತಂದಿರಿ, ಎಷ್ಟು ಹಣ ಕೊಟ್ಟಿರಿ, ಎಷ್ಟು ಕುಡಿದಿರಿ, ಎಷ್ಟು ಚೆಲ್ಲಿದಿರಿ ಅಂತ ನಾಲ್ಕು ಸಾಲು. ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ, ಆದರೆ ಮುಖ್ಯವಾದದ್ದು ಅದೇ. ಮೆತ್ತಗಾಗಿ ಎಸೆದ ಎರಡು ಹಣ್ಣು, ಮಗು ಅರ್ಧ ಬಿಟ್ಟ ಗ್ಲಾಸು, ತೆರೆದು ಮರೆತುಹೋದ ಪ್ಯಾಕೆಟ್, ಎಲ್ಲ ಬರಲಿ.

ವಾರದ ಕೊನೆಗೆ ಕೊಟ್ಟ ಹಣವನ್ನು ಕುಡಿದ ಲೀಟರಿನಿಂದ ಭಾಗಿಸಿ. ತಂದ ಲೀಟರಿನಿಂದ ಅಲ್ಲ. ಬರುವ ಸಂಖ್ಯೆಯೇ ನಿಮ್ಮ ಮನೆಯ ನಿಜವಾದ ಲೀಟರ್ ಬೆಲೆ. ಮುಂದೆ ಏನೇ ಬದಲಾವಣೆ ಮಾಡಿದರೂ ಅದನ್ನು ಈ ಸಂಖ್ಯೆಯ ಪಕ್ಕ ಇಟ್ಟು ನೋಡಬೇಕು. ಇದಿಲ್ಲದೆ ಮುಂದೆ ಹೋದರೆ ಕತ್ತಲಲ್ಲಿ ತಡಕಾಡಿದ ಹಾಗೆ.

## ಹಂತ 2: ಗ್ಲಾಸನ್ನು ಅಳೆಯಿರಿ, ಆಮೇಲೆ ಚಿಕ್ಕದು ಮಾಡಿ

ನೀವು ದಿನಾ ಕುಡಿಯುವ ಗ್ಲಾಸಿಗೆ ಎಂದಿನಷ್ಟೇ ನೀರು ಹಾಕಿ ಅದನ್ನು ಅಳತೆ ಜಗ್ಗಿಗೆ ಸುರಿಯಿರಿ. "ಒಂದು ಗ್ಲಾಸ್ ಅಷ್ಟೇ" ಅಂದುಕೊಂಡಿದ್ದು 300 ಮಿ.ಲೀ. ದಾಟಿರುವುದು ಸಾಮಾನ್ಯ. ನಾಲ್ಕು ಜನ ದಿನಕ್ಕೆ 300 ಮಿ.ಲೀ. ಕುಡಿದರೆ ತಿಂಗಳಿಗೆ 36 ಲೀಟರ್. ಅದೇ 150 ಮಿ.ಲೀ. ಆದರೆ 18 ಲೀಟರ್. ಬೇರೆ ಯಾವ ಉಪಾಯವೂ ಇಲ್ಲದೆ ಖರ್ಚು ಅರ್ಧಕ್ಕೆ ಬಂತು.

ಇಷ್ಟು ಕಡಿಮೆ ಮಾಡಿದರೆ ಆರೋಗ್ಯಕ್ಕೆ ನಷ್ಟವಲ್ಲವೇ ಅಂತ ಕೇಳುತ್ತಾರೆ. ನಷ್ಟವಿಲ್ಲ, ಲಾಭವೇ ಇದೆ. ಬ್ರಿಟನ್ನಿನ ಆರೋಗ್ಯ ಸೇವೆ ಹೇಳುವ ದಿನದ ಮಿತಿ 150 ಮಿ.ಲೀ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ ಜ್ಯೂಸಿನೊಳಗಿನ ಸಕ್ಕರೆಯನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ, ಅದು ದಿನಕ್ಕೆ ಸುಮಾರು 25 ಗ್ರಾಮಿನ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಏನೂ ಬೆರೆಸದ ಕಿತ್ತಳೆ ರಸದಲ್ಲೇ 100 ಮಿ.ಲೀ.ಗೆ 8ರಿಂದ 10 ಗ್ರಾಂ ಸಕ್ಕರೆ ಇರುತ್ತದೆ, ದ್ರಾಕ್ಷಿ ರಸದಲ್ಲಿ ಇನ್ನೂ ಜಾಸ್ತಿ. ಒಂದು ದೊಡ್ಡ ಗ್ಲಾಸಿಗೇ ದಿನದ ಲೆಕ್ಕ ಮುಗಿಯಿತು. ಒಂದು ವರ್ಷದೊಳಗಿನ ಮಕ್ಕಳಿಗಂತೂ ಜ್ಯೂಸ್ ಬೇಡವೇ ಬೇಡ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲೇ ಹೇಳಿದೆ.

ಚಿಕ್ಕ ಗ್ಲಾಸುಗಳನ್ನು ಮುಂದೆ ಇಡಿ, ದೊಡ್ಡವನ್ನು ಮೇಲಿನ ಶೆಲ್ಫಿಗೆ ಏರಿಸಿ. ದೊಡ್ಡ ಗ್ಲಾಸಿಗೆ ಅರ್ಧ ಹಾಕಿ ಕೊಟ್ಟರೆ ಮನೆಯವರಿಗೆ ಕಡಿಮೆ ಕೊಟ್ಟ ಹಾಗೆ ಕಾಣುತ್ತದೆ, ಎರಡನೇ ಸಲ ಕೇಳುತ್ತಾರೆ. ಬಾಯಾರಿಕೆಗೆ ನೀರು ಕುಡಿದು, ರುಚಿಗೆ ಅಂತ ಜ್ಯೂಸ್ ಕುಡಿದರೆ ಈ ಅಳತೆ ಸಾಕಾಗುತ್ತದೆ. ಸಾಲದು ಅನ್ನುವವರಿಗೆ ಅರ್ಧ ರಸ, ಅರ್ಧ ತಣ್ಣೀರು ಅಥವಾ ಸೋಡಾ. ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ ಮಕ್ಕಳು ಒಪ್ಪುವುದಿಲ್ಲ. ಮೊದಲ ವಾರ ಕಾಲು ಭಾಗ ನೀರು, ಮುಂದಿನ ವಾರ ಮೂರನೇ ಒಂದು, ಆಮೇಲೆ ಅರ್ಧ.

## ಹಂತ 3: ಪ್ಯಾಕೆಟ್ ಕೊಳ್ಳುವವರು ಹಿಂಬದಿ ಓದಿ

ಮುಂಬದಿಯ ಹಣ್ಣಿನ ಚಿತ್ರವನ್ನು ನಂಬಬೇಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಹಣ್ಣಿನ ಪ್ರಮಾಣ ಎಷ್ಟು ಶೇಕಡಾ ಅಂತ ಹುಡುಕಿ. ಬರೀ ಜ್ಯೂಸ್ ಅಂದರೆ ಪೂರ್ತಿ ಹಣ್ಣಿನ ರಸ. ನೆಕ್ಟರ್ ಅಂದರೆ ರಸದ ಜೊತೆ ನೀರು, ಸಕ್ಕರೆ. ಫ್ರೂಟ್ ಡ್ರಿಂಕ್ ಅಂದರೆ ರಸ ಇನ್ನೂ ಕಡಿಮೆ. ಸಾಮಗ್ರಿಗಳ ಪಟ್ಟಿಯಲ್ಲಿ ಜಾಸ್ತಿ ತೂಕದ್ದು ಮೊದಲು ಬರುತ್ತದೆ, ಅಲ್ಲಿ ಮೊದಲೆರಡು ಹೆಸರು ನೀರು ಮತ್ತು ಸಕ್ಕರೆ ಆಗಿದ್ದರೆ ನೀವು ಕೊಳ್ಳುತ್ತಿರುವುದು ಪಾನಕ.

ಈಗ ಲೆಕ್ಕ. ಒಂದು ಲೀಟರ್ ಡ್ರಿಂಕಿನಲ್ಲಿ ಹಣ್ಣು ಶೇಕಡಾ 20 ಇದ್ದರೆ ಒಳಗಿರುವ ರಸ 200 ಮಿ.ಲೀ. ಮಾತ್ರ. ಅಂದರೆ ಅದರ ಬೆಲೆಯನ್ನು 5ರಿಂದ ಗುಣಿಸಿದಾಗ ಬರುವುದೇ ಆ ರಸದ ನಿಜವಾದ ಲೀಟರ್ ಬೆಲೆ. ಎಷ್ಟೋ ಸಲ ದುಬಾರಿ ಅಂತ ಬಿಟ್ಟು ಬಂದ ಪೂರ್ತಿ ರಸದ ಪ್ಯಾಕೆಟ್ ಈ ಲೆಕ್ಕದಲ್ಲಿ ಅಗ್ಗವಾಗಿರುತ್ತದೆ. ಅದನ್ನೇ ತಂದು ಮನೆಯಲ್ಲಿ ನೀರು ಬೆರೆಸಿಕೊಳ್ಳಿ. ನೀರಿಗೆ ದುಡ್ಡು ಯಾಕೆ ಕೊಡಬೇಕು?

"ಕಾನ್ಸಂಟ್ರೇಟಿನಿಂದ ಮಾಡಿದ್ದು" ಅಂತ ಬರೆದಿದ್ದರೆ ಹೆದರಬೇಕಾಗಿಲ್ಲ. ರಸದ ನೀರು ತೆಗೆದು ಗಟ್ಟಿ ಮಾಡಿ, ಸಾಗಿಸಿದ ಮೇಲೆ ಅಷ್ಟೇ ನೀರು ಮತ್ತೆ ಸೇರಿಸಿರುತ್ತಾರೆ, ಅಷ್ಟೇ. ಪರಿಮಳ ಸ್ವಲ್ಪ ಕಡಿಮೆ ಇರಬಹುದು, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಫ್ರೋಜನ್ ಕಾನ್ಸಂಟ್ರೇಟ್ ಸಿಕ್ಕಿದರೆ ಅದನ್ನೂ ನೋಡಿ. ಹೆಚ್ಚಿನವು ಒಂದು ಪಾಲಿಗೆ ಮೂರು ಪಾಲು ನೀರು ಹಾಕುವಂಥವು, ಬೇಕಾದಷ್ಟೇ ಕಲಸಿಕೊಳ್ಳಬಹುದು.

ಒಂದು ಎಚ್ಚರಿಕೆ. ದೊಡ್ಡ ಪ್ಯಾಕೆಟ್ ಅಗ್ಗವಾಗುವುದು ಅದನ್ನು ಪೂರ್ತಿ ಕುಡಿದಾಗ ಮಾತ್ರ. ತೆರೆದ ಮೇಲೆ ಎಷ್ಟು ದಿನ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. ಅಷ್ಟರೊಳಗೆ ಮುಗಿಯದಿದ್ದರೆ ಚಿಕ್ಕದನ್ನೇ ಕೊಳ್ಳಿ.

## ಹಂತ 4: ಒಂದು ಕೆಜಿಯ ಪರೀಕ್ಷೆ

ಮನೆಯಲ್ಲೇ ಹಿಂಡುವುದು ಯಾವಾಗಲೂ ಅಗ್ಗ ಅನ್ನುವುದು ತಪ್ಪು. ಹಣ್ಣಿನಿಂದ ಹಣ್ಣಿಗೆ ಲೆಕ್ಕ ಬೇರೆ. ಒಂದು ಕೆಜಿ ಹಣ್ಣು ತೂಗಿ, ಎಂದಿನ ಹಾಗೆ ರಸ ತೆಗೆದು, ಜಗ್ಗಿನಲ್ಲಿ ಅಳೆಯಿರಿ. ಕೆಜಿ ಬೆಲೆಯನ್ನು ಬಂದ ಲೀಟರಿನಿಂದ ಭಾಗಿಸಿ.

ಕಿತ್ತಳೆ ಕೈಯಲ್ಲಿ ಹಿಂಡಿದರೆ ಒಂದು ಕೆಜಿಗೆ ಸುಮಾರು 400ರಿಂದ 500 ಮಿ.ಲೀ. ಬರುತ್ತದೆ. ಅಂದರೆ ಒಂದು ಲೀಟರಿಗೆ ಎರಡರಿಂದ ಎರಡೂವರೆ ಕೆಜಿ ಹಣ್ಣು. ಸುಗ್ಗಿಯಲ್ಲಿ ಇದು ಪ್ಯಾಕೆಟ್ಟಿಗಿಂತ ಕಡಿಮೆಗೆ ಬೀಳಬಹುದು, ಕಾಲ ಮುಗಿದ ಮೇಲೆ ಖಂಡಿತ ದುಬಾರಿ. ಕಲ್ಲಂಗಡಿಯ ಸಿಪ್ಪೆ ದಪ್ಪ, ಆದರೂ ಒಳಗಿನದ್ದು ಹೆಚ್ಚೂಕಡಿಮೆ ನೀರೇ ಆದ್ದರಿಂದ ಕೆಜಿಗೆ ಅರ್ಧ ಲೀಟರ್ ಸುಲಭವಾಗಿ ಸಿಗುತ್ತದೆ, ಹಣ್ಣೂ ಅಗ್ಗ. ದ್ರಾಕ್ಷಿಯಲ್ಲಿ ಪೋಲಾಗುವುದು ತೀರಾ ಕಡಿಮೆ. ಅನಾನಸಿನಲ್ಲಿ ತಲೆ, ಸಿಪ್ಪೆ, ಕಣ್ಣು, ನಡುವಿನ ದಿಂಡು ಕಳೆದರೆ ಸುಮಾರು ಅರ್ಧ ತೂಕ ಹೋಗುತ್ತದೆ. ದಾಳಿಂಬೆಯನ್ನು ಬಿಡಿಸಿ ಹಾಗೇ ತಿನ್ನಿ ಅಂತ ನಾನು ಹೇಳುವುದು, ಅದರ ಜ್ಯೂಸಿಗೆ ಹಣ, ಸಮಯ ಎರಡೂ ಜಾಸ್ತಿ.

ಈ ಪರೀಕ್ಷೆ ಮಾಡಿದ ಚೀಟಿಯನ್ನು ಎಸೆಯಬೇಡಿ. ಅಂಗಡಿ ಮುಂದೆ ನಿಂತಾಗ "ಕಿತ್ತಳೆ ಬೆಲೆ ಗುಣಿಸು ಎರಡೂವರೆ" ಅಂತ ಮನಸ್ಸಿನಲ್ಲೇ ಹಾಕಿ ಅಲ್ಲಿಯೇ ತೀರ್ಮಾನಿಸಬಹುದು. ಪ್ಯಾಕೆಟ್ಟಿನ ಲೀಟರ್ ಬೆಲೆಗಿಂತ ಮೇಲೆ ಹೋದರೆ ಆವತ್ತು ಆ ಹಣ್ಣಿನ ಜ್ಯೂಸ್ ಬೇಡ. ಬೇರೆ ಹಣ್ಣು ತನ್ನಿ.

## ಹಂತ 5: ಕೊಳ್ಳುವಾಗ ಮತ್ತು ಇಡುವಾಗ

ಹಣ್ಣು ಕೈಯಲ್ಲಿ ಹಿಡಿದು ತೂಕ ನೋಡಿ. ಒಂದೇ ಗಾತ್ರದ ಎರಡು ಕಿತ್ತಳೆಯಲ್ಲಿ ಭಾರವಾಗಿರುವುದರಲ್ಲಿ ರಸ ಜಾಸ್ತಿ. ತೆಳು, ನುಣುಪಾದ ಸಿಪ್ಪೆಯ ಚಿಕ್ಕ ಹಣ್ಣು ಜ್ಯೂಸಿಗೆ ಒಳ್ಳೆಯದು, ಉಬ್ಬಿದ ಸಿಪ್ಪೆಯ ದೊಡ್ಡ ಹಣ್ಣು ನೋಡಲು ಚೆನ್ನ ಅಷ್ಟೇ. ಆಕಾರ ಕೆಟ್ಟ, ಬಣ್ಣ ಮಂಕಾದ ಹಣ್ಣನ್ನು ಕಡಿಮೆಗೆ ಕೊಡುತ್ತಾರಾ ಅಂತ ಕೇಳಿ. ಹಿಂಡಿದ ಮೇಲೆ ಆಕಾರ ಯಾರಿಗೆ ಬೇಕು.

ಕಾಯಿ ತಂದು ಹಣ್ಣು ಮಾಡಿಕೊಳ್ಳುತ್ತೇನೆ ಅನ್ನುವವರು ಒಂದು ವಿಷಯ ತಿಳಿದಿರಬೇಕು. ಮಾವು, ಬಾಳೆ, ಪಪಾಯ, ಪೇರು ಮನೆಯಲ್ಲಿ ಮಾಗುತ್ತವೆ. ಕಿತ್ತಳೆ, ದ್ರಾಕ್ಷಿ, ಅನಾನಸ್, ಕಲ್ಲಂಗಡಿ ಕಿತ್ತ ಮೇಲೆ ಸಿಹಿಯಾಗುವುದಿಲ್ಲ. ಹುಳಿ ಇದೆ ಅಂತ ವಾರ ಇಟ್ಟರೆ ಒಣಗುತ್ತವೆ, ಅಷ್ಟೇ. ಸೇಬು, ಬಾಳೆಹಣ್ಣನ್ನು ಉಳಿದವುಗಳ ಜೊತೆ ಒಂದೇ ಬುಟ್ಟಿಯಲ್ಲಿ ಇಡಬೇಡಿ, ಅವು ಬಿಡುವ ಎಥಿಲೀನ್ ಅನಿಲಕ್ಕೆ ಪಕ್ಕದ ಹಣ್ಣುಗಳೂ ಬೇಗ ಮೆತ್ತಗಾಗುತ್ತವೆ. ತಂದ ಕೂಡಲೇ ತೊಳೆದಿಡುವುದೂ ತಪ್ಪು. ಒದ್ದೆ ಹಣ್ಣಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಹಿಂಡುವ ಮುಂಚೆ ತೊಳೆದರೆ ಸಾಕು.

ಪೆಟ್ಟಿಗೆಗಟ್ಟಲೆ ಕೊಂಡರೆ ಬೆಲೆ ಇಳಿಯುತ್ತದೆ, ನಿಜ. ಆದರೆ ಎರಡು ದಿನದೊಳಗೆ ಹಿಂಡಿ ಮುಗಿಸುವಷ್ಟನ್ನೇ ಕೊಳ್ಳಿ, ಇಲ್ಲವೇ ಪಕ್ಕದ ಮನೆಯವರ ಜೊತೆ ಹಂಚಿಕೊಳ್ಳಿ.

## ಹಂತ 6: ಹಿಂಡುವುದು

ಕೈ, ಚಾಕು, ಹಲಗೆ ತೊಳೆದುಕೊಳ್ಳಿ. ಹಣ್ಣನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ, ಸಿಪ್ಪೆ ತೆಗೆಯುವ ಹಣ್ಣನ್ನೂ ಸಹ, ಯಾಕೆಂದರೆ ಸಿಪ್ಪೆ ಮೇಲಿನ ಕೊಳೆಯನ್ನು ಚಾಕು ಒಳಗೆ ಒಯ್ಯುತ್ತದೆ. ಸೋಪು ಬೇಡ.

ಕಿತ್ತಳೆ, ನಿಂಬೆ ಫ್ರಿಜ್ಜಿನಿಂದ ತೆಗೆದ ಕೂಡಲೇ ಹಿಂಡಿದರೆ ರಸ ಕಡಿಮೆ. ಅರ್ಧ ಗಂಟೆ ಹೊರಗಿಡಿ ಅಥವಾ ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಮುಳುಗಿಸಿ. ಆಮೇಲೆ ಅಂಗೈ ಕೆಳಗಿಟ್ಟು ಮೇಜಿನ ಮೇಲೆ ಒತ್ತಿ ಉರುಳಿಸಿ. ಮೊದಲು ಗಟ್ಟಿಯಾಗಿದ್ದ ಹಣ್ಣು ಏಳೆಂಟು ಸುತ್ತಿಗೆ ಕೈ ಕೆಳಗೇ ಮೆತ್ತಗಾಗುವುದು ತಿಳಿಯುತ್ತದೆ, ಒಳಗಿನ ರಸದ ಚೀಲಗಳು ಒಡೆದದ್ದರ ಗುರುತು ಅದು. ಅಡ್ಡಲಾಗಿ ಕತ್ತರಿಸಿ ಹಿಂಡಿ. ಬಿಳಿ ಪದರ ಕೆರೆದು ಬರುವಷ್ಟು ತಿರುಗಿಸಬೇಡಿ, ಕಹಿ ಇಳಿಯುತ್ತದೆ.

ಮಿಕ್ಸಿಯಲ್ಲಿ ಮಾಡುವಾಗ ಬೀಜ ತೆಗೆಯದೇ ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ಬೀಜ ಅರೆದರೆ ಇಡೀ ಜಗ್ಗು ಕಹಿ. ಇನ್ನೊಂದು ತಪ್ಪು, ನಿಮಿಷಗಟ್ಟಲೆ ಓಡಿಸುವುದು. ಗಾಳಿ ಸೇರಿ ನೊರೆ ಬರುತ್ತದೆ, ಸೇಬಿನ ರಸವಂತೂ ಕಣ್ಣೆದುರೇ ಕಂದಾಗುತ್ತದೆ. ನಿಲ್ಲಿಸಿ ನಿಲ್ಲಿಸಿ ನಾಲ್ಕೈದು ಸಲ ತಿರುಗಿಸಿ, ಸೇಬಿಗೆ ಮೊದಲೇ ಸ್ವಲ್ಪ ನಿಂಬೆರಸ ಹಾಕಿ. ವಿದ್ಯುತ್ತಿನ ಖರ್ಚಿನ ಚಿಂತೆ ಬೇಡ, 500 ವಾಟಿನ ಮಿಕ್ಸಿ ಮೂರು ನಿಮಿಷ ಓಡಿದರೆ 0.025 ಯೂನಿಟ್ ಅಷ್ಟೇ.

ಕೊಳೆತ ಭಾಗ ಕತ್ತರಿಸಿ ಉಳಿದದ್ದನ್ನು ಜ್ಯೂಸಿಗೆ ಹಾಕುವವರಿಗೆ ಇದನ್ನು ಒತ್ತಿ ಹೇಳಬೇಕು. ಪೆಟ್ಟು ಬಿದ್ದು ಕಂದಾದ ಹಣ್ಣು ಬೇರೆ, ಬೂಷ್ಟು ಹಿಡಿದು ಕೊಳೆತ ಹಣ್ಣು ಬೇರೆ. ಪೆಟ್ಟು ಬಿದ್ದದ್ದನ್ನು ಆವತ್ತೇ ಬಳಸಿ. ಕೊಳೆತ ಸೇಬಿನಲ್ಲಿ ಪಾಟುಲಿನ್ ಅನ್ನುವ ವಿಷ ಉಂಟಾಗಬಹುದು, ಅದು ಕೊಳೆತ ಜಾಗದಲ್ಲಷ್ಟೇ ನಿಲ್ಲುವುದಿಲ್ಲ, ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಹಣ್ಣನ್ನು ಎಸೆಯಿರಿ. ಒಂದು ಸೇಬು ಉಳಿಸಲು ಹೋಗಿ ಮನೆಯವರ ಹೊಟ್ಟೆ ಕೆಡಿಸಬೇಡಿ.

## ಹಂತ 7: ಉಳಿದದ್ದನ್ನು ಅದೇ ದಿನ ಫ್ರೀಜ್ ಮಾಡಿ

ಹಣ ಸೋರಿಹೋಗುವ ಇನ್ನೊಂದು ದೊಡ್ಡ ತೂತು ಇದು. ಮನೆಯಲ್ಲಿ ಹಿಂಡಿದ ರಸ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, ಸೆಖೆ ತುಂಬಾ ಇದ್ದರೆ ಒಂದೇ ಗಂಟೆ. ಫ್ರಿಜ್ಜಿನಲ್ಲಿ, 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗೆ, ಒಂದೆರಡು ದಿನ. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯಲ್ಲಿ ಹಿಂಡಿದ ಕೂಡಲೇ ಕುಡಿದು ಮುಗಿಸುವುದು ಒಳ್ಳೆಯದು. ನೋಡೋಣ, ನಾಳೆ ಕುಡಿಯೋಣ ಅಂತ ಇಟ್ಟದ್ದು ಮೂರನೇ ದಿನ ಸಿಂಕಿಗೆ ಹೋಗುತ್ತದೆ. ಈವತ್ತು ಕುಡಿಯುವುದನ್ನು ತೆಗೆದಿಟ್ಟು ಉಳಿದದ್ದನ್ನು ಈವತ್ತೇ ಫ್ರೀಜರಿಗೆ ಹಾಕಿ.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಒಂದು ಲೀಟರಿನ ಡಬ್ಬಿಗೆ 900 ಮಿ.ಲೀ. ಹಾಕಿದರೆ ಅದು 980ರ ಹತ್ತಿರ ಬಂದು ನಿಲ್ಲುತ್ತದೆ. ಅದಕ್ಕಿಂತ ತುಂಬಬೇಡಿ. ಮೊದಮೊದಲು ನಾನು ಗಾಜಿನ ಬಾಟಲಿಗೆ ಕುತ್ತಿಗೆವರೆಗೂ ದ್ರಾಕ್ಷಿ ರಸ ತುಂಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಬಾಟಲಿ ಉದ್ದಕ್ಕೂ ಸೀಳಿತ್ತು, ನೇರಳೆ ಮಂಜಿನ ಗಟ್ಟಿ ಹಾಗೇ ನಿಂತಿತ್ತು, ಅದರೊಳಗೆ ಗಾಜಿನ ಚೂರು ಇರಬಹುದು ಅಂತ ಎರಡು ಕೆಜಿ ಹಣ್ಣಿನ ರಸವನ್ನು ಎಸೆಯಬೇಕಾಯಿತು. ಕುತ್ತಿಗೆ ಕಿರಿದಾದ ಗಾಜಿನ ಬಾಟಲಿ ಫ್ರೀಜರಿಗೆ ಬೇಡ.

ಐಸ್ ಟ್ರೇ ಎಲ್ಲಕ್ಕಿಂತ ಅನುಕೂಲ. ಒಂದು ಗುಂಡಿಗೆ ಎಷ್ಟು ಮಿ.ಲೀ. ಹಿಡಿಯುತ್ತದೆ ಅಂತ ಒಮ್ಮೆ ಅಳೆದುಕೊಳ್ಳಿ. 25 ಮಿ.ಲೀ. ಆದರೆ ಆರು ತುಂಡಿಗೆ ಒಂದು ಚಿಕ್ಕ ಗ್ಲಾಸು. ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕಿ ಗಾಳಿ ತೆಗೆದು ಕಟ್ಟಿ, ಹಣ್ಣಿನ ಹೆಸರು, ತಾರೀಕು ಬರೆಯಿರಿ. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿದ್ದರೆ ತಿಂಗಳುಗಟ್ಟಲೆ ಇರುತ್ತದೆ, ರುಚಿ ಮಾತ್ರ ನಿಧಾನಕ್ಕೆ ಇಳಿಯುತ್ತದೆ.

ಡಬ್ಬಿಯಲ್ಲಿ ಗಟ್ಟಿ ಮಾಡಿದ್ದನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ. ಅರ್ಧ ಕರಗಿದಾಗಲೇ ಸುರಿಯಬೇಡಿ, ಮೊದಲು ಕರಗುವುದು ಸಕ್ಕರೆ ಜಾಸ್ತಿ ಇರುವ ಭಾಗ. ಮೊದಲ ಗ್ಲಾಸು ಪಾಕದ ಹಾಗೆ, ಕೊನೆಯದು ಸಪ್ಪೆ ನೀರು. ಪೂರ್ತಿ ಕರಗಲಿ, ಚೆನ್ನಾಗಿ ಅಲ್ಲಾಡಿಸಿ, ಆಮೇಲೆ ಹಂಚಿ.

ನೇವಲ್ ಕಿತ್ತಳೆ, ಅಂದರೆ ತಳದಲ್ಲಿ ಹೊಕ್ಕುಳಿನಂತೆ ಇರುವ ಬೀಜವಿಲ್ಲದ್ದು, ಇಡಲು ಆಗುವುದಿಲ್ಲ. ಹಿಂಡಿದಾಗ ಸಿಹಿಯಾಗೇ ಇರುತ್ತದೆ, ಕೆಲವು ಗಂಟೆಯಲ್ಲಿ ಲಿಮೋನಿನ್ ಅನ್ನುವ ಅಂಶದಿಂದ ಕಹಿಯಾಗುತ್ತದೆ. ಕೆಟ್ಟುಹೋಯಿತು ಅಂತ ತುಂಬಾ ಜನ ಎಸೆಯುವುದು ಇದನ್ನೇ. ಈ ಹಣ್ಣಿನದ್ದನ್ನು ಆಗಲೇ ಕುಡಿಯಿರಿ.

ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ಹೊರಗೇ ಇಡುವ ಉಪಾಯ ಹೇಳುವವರು ಇರುತ್ತಾರೆ. ಕಲ್ಲಂಗಡಿ, ಕ್ಯಾರೆಟ್ ರಸದಲ್ಲಿ ಹುಳಿ ಕಡಿಮೆ, ಪಿಎಚ್ (ಹುಳಿಯ ಅಳತೆ, ಹುಳಿ ಕಡಿಮೆಯಾದಷ್ಟೂ ಈ ಸಂಖ್ಯೆ ಜಾಸ್ತಿ) 4.6ಕ್ಕಿಂತ ಮೇಲಿರುತ್ತದೆ. ಅಂಥ ರಸ ಗಾಳಿಯಾಡದ ಬಾಟಲಿಯಲ್ಲಿ ಬೆಚ್ಚಗೆ ಕೂತರೆ ಬಾಟುಲಿಸಂ ಅನ್ನುವ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ಪ್ರಾಣಕ್ಕೇ ಅಪಾಯ. ಸಾದಾ ನೀರಿನಲ್ಲಿ ಕುದಿಸಿ ಮುಚ್ಚಿದರೂ ಅದರ ಬೀಜಾಣು ಸಾಯುವುದಿಲ್ಲ. ಫ್ರಿಜ್ ಅಥವಾ ಫ್ರೀಜರ್, ಮೂರನೇ ಜಾಗ ಬೇಡ.

ಕುಡಿಯಬಾರದ ಸೂಚನೆಗಳು: ಮುಚ್ಚಳ ಉಬ್ಬಿದೆ, ತೆರೆದಾಗ ಸೋಡಾದ ಹಾಗೆ ಗುಳ್ಳೆ ಏಳುತ್ತದೆ, ಹೆಂಡದ ವಾಸನೆ, ಮೇಲೆ ಬೂಷ್ಟಿನ ಚುಕ್ಕೆ, ಲೋಳೆಯಾದ ತಳ. ಬೂಷ್ಟು ತೆಗೆದು ಉಳಿದದ್ದು ಕುಡಿಯುವುದು ಬೇಡ, ರುಚಿ ನೋಡುವುದೂ ಬೇಡ. ರಸ, ನೀರು ಬೇರೆಬೇರೆಯಾಗಿ ನಿಂತಿದ್ದರೆ ಮಾತ್ರ ಹೆದರಬೇಡಿ, ಅದು ಸಹಜ, ಅಲ್ಲಾಡಿಸಿದರೆ ಸರಿಹೋಗುತ್ತದೆ.

## ಹಂತ 8: ಜರಡಿಯಲ್ಲಿ ಉಳಿದದ್ದು

ಸೋಸಿದ ಮೇಲೆ ಉಳಿದ ತಿರುಳಿಗೆ ಅದು ಮುಳುಗುವಷ್ಟು ತಣ್ಣೀರು ಹಾಕಿ ಹತ್ತು ನಿಮಿಷ ಬಿಡಿ. ಬಟ್ಟೆಯಲ್ಲಿ ಕಟ್ಟಿ ಹಿಂಡಿ. ದ್ರಾಕ್ಷಿ, ಅನಾನಸ್, ಸೇಬಿನಿಂದ ಎರಡನೇ ಸಲ ತೆಳುವಾದ, ಒಳ್ಳೆಯ ಪರಿಮಳದ ರಸ ಬರುತ್ತದೆ, ಹಂತ 2ರಲ್ಲಿ ರಸಕ್ಕೆ ಬೆರೆಸಬೇಕಾದ ನೀರಿನ ಬದಲು ಇದನ್ನೇ ಬೆರೆಸಿ. ಕಿತ್ತಳೆಗೆ ಇದು ಬೇಡ, ಕಹಿಯಾಗುತ್ತದೆ. ಸೋಸದೇ ಕುಡಿಯಲು ಮನೆಯವರು ಒಪ್ಪಿದರೆ ಇನ್ನೂ ಒಳ್ಳೆಯದು, ನಾರೂ ಹೊಟ್ಟೆಗೆ ಹೋಯಿತು, ರಸವೂ ಜಾಸ್ತಿಯಾಯಿತು. ಉಳಿದ ತಿರುಳು ಜಾಮಿಗೆ, ಹಿಟ್ಟು ಕಲಸಲು, ಐಸ್ ಕ್ಯಾಂಡಿಗೆ ಆಗುತ್ತದೆ.

## ಹಂತ 9: ಮೆಷಿನ್ ಬೇಕಾ, ಈಗ ನೋಡಿ

ಎರಡು ತಿಂಗಳು ಮೇಲಿನದ್ದೆಲ್ಲ ಮಾಡಿದ ಮೇಲೂ ಹೊಸ ಜ್ಯೂಸರ್ ಬೇಕು ಅನ್ನಿಸಿದರೆ ಲೆಕ್ಕ ಹಾಕಿ. ಅಂಗಡಿಯಲ್ಲಿ ಡೆಮೋ ನೋಡುವಾಗ ನಿಮ್ಮ ಹಣ್ಣಿನದ್ದೇ ಒಂದು ಕೆಜಿ ಪರೀಕ್ಷೆ ಮಾಡಿಸಿ, ಅಥವಾ ಇರುವವರ ಮನೆಯಲ್ಲಿ ಮಾಡಿ. ನಿಮ್ಮ ಮಿಕ್ಸಿ ಮತ್ತು ಬಟ್ಟೆಯಿಂದ 500 ಮಿ.ಲೀ. ಬರುತ್ತಿದ್ದಲ್ಲಿ ಅದರಿಂದ 550 ಬಂದರೆ ಲಾಭ 50 ಮಿ.ಲೀ. ಮಾತ್ರ. ಆ 50 ಮಿ.ಲೀ. ಬೆಲೆಯನ್ನು ತಿಂಗಳಿಗೆ ಹಿಂಡುವ ಕೆಜಿಯಿಂದ ಗುಣಿಸಿ. ಮೆಷಿನ್ನಿನ ಬೆಲೆಯನ್ನು ಅದರಿಂದ ಭಾಗಿಸಿದರೆ ಎಷ್ಟು ತಿಂಗಳಲ್ಲಿ ಹಣ ವಾಪಸ್ ಬರುತ್ತದೆ ಅಂತ ಗೊತ್ತಾಗುತ್ತದೆ. ವಾರಂಟಿ ಮುಗಿಯುವ ಮೊದಲೇ ಬರದಿದ್ದರೆ ಕೊಳ್ಳಬೇಡಿ.

ಕೊಳ್ಳುವ ಮುಂಚೆ ಅದನ್ನು ಬಿಚ್ಚಿ ತೊಳೆಯಲು ಎಷ್ಟು ಹೊತ್ತು ಬೇಕು ಅಂತಲೂ ನೋಡಿ. ಜಾಲರಿಯ ಸಂದಿಯಲ್ಲಿ ಸಿಕ್ಕಿಕೊಂಡ ನಾರನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯಲು ಹದಿನೈದು ನಿಮಿಷ ಹಿಡಿಯುವ ಮೆಷಿನ್ನನ್ನು ವಾರದ ಬೆಳಗಿನ ಹೊತ್ತಿನಲ್ಲಿ ಯಾರೂ ಎರಡನೇ ಸಲ ಇಳಿಸುವುದಿಲ್ಲ.